ಮಾತಾಡಿದವನಿಗೆ ಬಹುಮಾನ, ತೂಗಿ ನೋಡೋರು ಯಾರು?

ಬಿಡದಿಯಿಂದ ಬೈರಮಂಗಲದ ಕಡೆ ಹೋಗೋ ಬಸ್ಸು ಹತ್ತಿದರೆ ಸಾಕು, ಚರ್ಚಾಸ್ಪರ್ಧೆ ಪುಕ್ಕಟೆ. ಟೌನ್‌ಷಿಪ್ ಬಂದ್ರೆ ಊರು ಉದ್ಧಾರ ಅನ್ನೋನು ಒಬ್ಬ, ಬಂದ್ರೆ ಮಣ್ಣೇ ಗತಿ ಅನ್ನೋನು ಇನ್ನೊಬ್ಬ. ಯಾರ ಗಂಟಲು ದೊಡ್ಡದೋ ಅವನದೇ ಗೆಲುವು. ಸ್ಟಾಪು ಬಂದಾಗ ಇಬ್ಬರೂ ಹತ್ತುವಾಗ ನಂಬಿದ್ದನ್ನೇ ನಂಬಿಕೊಂಡು ಇಳಿದು ಹೋಗುತ್ತಾರೆ.

ಶಾಲೆಯಲ್ಲಾದರೂ ಬೇರೆ ನಡೆಯುತ್ತದೆಯೇ? ಪ್ರತಿಭಾ ಕಾರಂಜಿಯಲ್ಲಿ ಚರ್ಚಾಸ್ಪರ್ಧೆ ಇದೆ. ಕ್ಲಸ್ಟರಿನಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ. ಒಳ್ಳೆಯದೇ. ಆದರೆ ಎಷ್ಟೋ ಕಡೆ ಮಾತು ಬರೆದುಕೊಟ್ಟವರು ಮೇಷ್ಟ್ರು, ಉರು ಹೊಡೆದದ್ದು ಹುಡುಗ. ಎದುರಾಳಿ ಏನಂದ ಅನ್ನೋದು ಅವನ ಕಿವಿಗೇ ಬಿದ್ದಿರೋಲ್ಲ, ಬಿದ್ದರೂ ಉತ್ತರ ಚೀಟಿಯಲ್ಲಿಲ್ಲ. ಕೆಳಗೆ ಕೂತ ಉಳಿದ ಮಕ್ಕಳ ಕೆಲಸ ಚಪ್ಪಾಳೆ ಹೊಡೆಯೋದು. ತೀರ್ಪು ಕೊಡುವವರು ಮೂವರು ದೊಡ್ಡವರು. ಯಾಕೆ ಆ ತೀರ್ಪು ಅಂತ ಹೇಳೋ ಪದ್ಧತಿಯೂ ಅಪರೂಪ.

ಈ ಜಿಲ್ಲೆಯ ಜನಕ್ಕೆ ಪರೀಕ್ಷಿಸಿ ನೋಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ರಾಮನಗರದ ಗೂಡು ಮಾರುಕಟ್ಟೆಯಲ್ಲಿ ರೀಲರು ಹೊಳಪು ನೋಡಿ ಬೆಲೆ ಕೂಗೋಲ್ಲ. ಹಿಡಿ ಗೂಡು ಎತ್ತಿ, ಅಲುಗಿಸಿ, ಅದುಮಿ ನೋಡುತ್ತಾನೆ. ಮಾತನ್ನೂ ಹಾಗೆ ಅಲುಗಿಸಿ ನೋಡೋದನ್ನು ಮಕ್ಕಳಿಗೆ ಹೇಳಿಕೊಟ್ಟವರು ಮಾತ್ರ ಕಡಿಮೆ.

ಬೈರಮಂಗಲದ ಕೆರೆಯನ್ನೇ ತಗೊಳ್ಳಿ. ಬೆಂಗಳೂರಿನ ಕೊಳಚೆ ಹೊತ್ತು ಬರೋ ವೃಷಭಾವತಿ ಇಲ್ಲಿ ನಿಂತು, ಮುಂದೆ ಅರ್ಕಾವತಿ ಸೇರುತ್ತದೆ. "ಈ ನೀರು ವಿಷ" ಅಂತ ಒಬ್ಬ ಹುಡುಗಿ ಭಾಷಣ ಮಾಡಿದಳು ಅಂತಿಟ್ಟುಕೊಳ್ಳಿ. ಕೇಳುವ ಮಕ್ಕಳು ಪುಸ್ತಕದಲ್ಲಿ ನಡುವೆ ಗೆರೆ ಎಳೆಯಬೇಕು. ಎಡಕ್ಕೆ ಹೇಳಿದ್ದು, ಬಲಕ್ಕೆ ಅದರ ಆಧಾರ. ನೊರೆ, ನಾತ ಅಂದರೆ ಅದು ಕಂಡದ್ದು, ಮೂಗಿಗೆ ಬಡಿದದ್ದು, ಒಪ್ಪಬಹುದು. ಸೊಪ್ಪಿನಲ್ಲಿ ಲೋಹ ಸೇರಿದೆ ಅಂದರೆ ಕಣ್ಣಿಗೆ ಕಾಣೋಲ್ಲ. ಯಾರು ಪರೀಕ್ಷೆ ಮಾಡಿದರು, ಯಾವ ವರ್ಷ, ಎಲ್ಲಿಯ ನೀರು, ಎಲ್ಲಿಯ ಸೊಪ್ಪು? ಬಲಗಡೆ ಖಾಲಿ ಬಿದ್ದರೆ ಮಾತು ಸುಳ್ಳು ಅಂತಲ್ಲ, ಆಧಾರ ಇನ್ನೂ ಬರಬೇಕು ಅಂತ. ಈ ಎರಡರ ಅಂತರ ಎಷ್ಟೋ ಪದವೀಧರರಿಗೂ ತಿಳಿಯದು, ಅದು ಬೇರೆ ಮಾತು.

ಟೌನ್‌ಷಿಪ್ ವಿಷಯ ಇದಕ್ಕಿಂತ ಬಿಸಿ. ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಕಡೆ ಸಾವಿರಾರು ಎಕರೆ ಜಮೀನಿಗೆ 2025ರಲ್ಲಿ ಅಧಿಸೂಚನೆ ಬಂತು, ರೈತರು ಧರಣಿ ಕೂತರು. ಒಂದೇ ಬೆಂಚಿನಲ್ಲಿ ಜಮೀನು ಕೊಡಲು ಸಿದ್ಧವಿರುವ ಮನೆಯ ಮಗುವೂ, ಪ್ರಾಣ ಹೋದರೂ ಕೊಡೆವು ಅನ್ನೋ ಮನೆಯ ಮಗುವೂ ಇರಬಹುದು. ಇಂಥ ಕಡೆ ಪಕ್ಷವನ್ನು ಚೀಟಿ ಎತ್ತಿ ಹಂಚಬೇಕು. ತನ್ನ ಮನೆಯ ಮಾತಿಗೆ ವಿರುದ್ಧ ವಾದಿಸಬೇಕಾದವನಿಗೆ ಎದುರು ಮನೆಯವರ ಸಂಕಟ ಅರ್ಥವಾಗುತ್ತದೆ. ಉತ್ತರ ಕೊಡುವ ಮೊದಲು ಎದುರಾಳಿಯ ಮಾತನ್ನು, ಅವನೇ "ಹೌದು, ಇದೇ ನಾನಂದದ್ದು" ಅನ್ನೋ ಹಾಗೆ ತಿರುಗಿ ಹೇಳಬೇಕು. ಆಗದವನಿಗೆ ಅಂಕ ಕಡಿತ.

ತಾಳೆ ನೋಡುವುದಕ್ಕೆ ಇಲ್ಲಿ ಸಾಮಗ್ರಿಯೂ ಇದೆ. "ಇದು ಈಗಿನವರ ಕಿತಾಪತಿ" ಅಂತ ಒಬ್ಬ ಅಂದರೆ, ಬಿಡದಿ ಟೌನ್‌ಷಿಪ್ಪಿನ ಮಾತು 2006-07ರ ಸುಮಾರಿಗೇ ಎದ್ದಿತ್ತು ಅಂತ ಇನ್ನೊಬ್ಬ ತೋರಿಸಬಹುದು. "ಆಗಲೇ ಎದ್ದಿತ್ತಲ್ಲ, ಆದ್ದರಿಂದ ಸರಿ" ಅಂದರೆ ಅದೂ ವಾದವಲ್ಲ. "ಮನೆಗೊಂದು ಕೆಲಸ" ಅಂದರೆ ಎಲ್ಲಿ ಬರೆದಿದೆ? ಎಕರೆಗೆ ಇಷ್ಟು ಕೋಟಿ ಅಂದರೆ ಅದು ಸರ್ಕಾರದ ಮಾರ್ಗಸೂಚಿ ದರವೋ, ದಲ್ಲಾಳಿ ಬಾಯಿಯ ದರವೋ?

ಶುರುವಿಗೆ ಮೊದಲು ಪ್ರತಿ ಮಗುವೂ ಹೆಸರಿಲ್ಲದ ಚೀಟಿಯಲ್ಲಿ ಪರವೋ ವಿರೋಧವೋ ಬರೆದಿಟ್ಟುಕೊಳ್ಳಲಿ. ಮುಗಿದ ಮೇಲೆ ಇನ್ನೊಂದು ಬರೆದು, ಎರಡನ್ನೂ ಪಿನ್ನು ಹಾಕಿ ಕೊಡಲಿ. ಬದಲಾಯಿಸಿದವರು ಯಾವ ಮಾತಿಗೆ ಬದಲಾಯಿಸಿದೆ, ಬದಲಾಯಿಸದವರು ಯಾವ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಅಂತ ಎರಡು ಸಾಲು. ಬಹುಮಾನ ಕೊಡಲೇಬೇಕೆಂದರೆ ಈ ಎರಡು ಸಾಲಿಗೂ ಒಂದಿರಲಿ.

ಮೇಷ್ಟ್ರುಗಳ ಅಳುಕೂ ಸುಳ್ಳಲ್ಲ. ಪಾಠ ಮುಗಿಸಬೇಕು, ಮೇಲಾಗಿ ಟೌನ್‌ಷಿಪ್ ಹೆಸರೆತ್ತಿದರೆ ಸಂಜೆಗೇ ಯಾವುದೋ ಪಕ್ಷದವರು ಗೇಟಿನ ಹತ್ತಿರ. ಅಂಥವರು ಬಿಸಿಯೂಟದ ತಟ್ಟೆ ಯಾರು ತೊಳೀಬೇಕು ಅನ್ನೋದರಿಂದ ಶುರು ಮಾಡಲಿ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟದ್ದು ಎರಡನೇ ವಾರಕ್ಕಿರಲಿ. ಕೆರೆ, ಜಮೀನು ಆಮೇಲೆ.

ವರ್ಷಕ್ಕೊಮ್ಮೆ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂದಿದೆ. ಮಗು ಶೌಚಾಲಯದ ನೀರು ಕೇಳುತ್ತದೆ, "ಪರಿಶೀಲಿಸಲಾಗುವುದು" ಅನ್ನುತ್ತಾರೆ, ಚಪ್ಪಾಳೆ, ಬಿಸ್ಕತ್ತು, ಮುಗೀತು. ನಡುವೆ ಗೆರೆ ಎಳೆದು ಅಭ್ಯಾಸವಾದ ಮಗು ಎಡಗಡೆ "ಪರಿಶೀಲಿಸಲಾಗುವುದು" ಅಂತ ಬರೆದುಕೊಂಡು, ಬಲಗಡೆಗೆ ಏನು ಬರೀಲಿ ಸಾರ್, ಯಾರು, ಯಾವ ತಾರೀಕಿನೊಳಗೆ ಅಂತ ಎದ್ದು ನಿಂತು ಕೇಳುತ್ತದೆ.