ಕೋಟೆ ಉಳಿಯಿತು, ಮದ್ರಸ ಸಿಡಿಯಿತು

ರಜೆಯ ದಿನಗಳಲ್ಲಿ ಬೀದರ್ ಕೋಟೆಯನ್ನು ನೋಡಲು ಹೋಗುವ ಮುಸ್ಲಿಮ್ ಕುಟುಂಬಗಳು ಅನೇಕ. ಕರ್ನಾಟಕದ ಈಶಾನ್ಯ ತುದಿಯಲ್ಲಿ, ಒಂದೆಡೆ ಮಹಾರಾಷ್ಟ್ರಕ್ಕೂ ಇನ್ನೊಂದೆಡೆ ತೆಲಂಗಾಣಕ್ಕೂ ತಾಗಿಕೊಂಡಿರುವ ಈ ಗಡಿ ಪಟ್ಟಣಕ್ಕೆ ಮೂರೂ ರಾಜ್ಯಗಳಿಂದ ಜನ ಬರುತ್ತಾರೆ. ಗುಂಬದ್ ದರ್ವಾಜದ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿಯನ್ನು ಕಂಡು ಬೆರಗಾಗುತ್ತಾರೆ. ಮರಳುವಾಗ ಹಿರಿಯರೊಬ್ಬರು, ‘ಎಂಥ ದರ್ಬಾರು ನಡೆಸಿದ್ದರು ನಮ್ಮವರು!’ ಎಂದು ನಿಟ್ಟುಸಿರು ಬಿಡುತ್ತಾರೆ. ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಾರೆ. ಕೋಟೆಯಿಂದ ಅವರು ಮನೆಗೆ ಒಯ್ಯುವುದು ಆ ನಿಟ್ಟುಸಿರನ್ನು ಮಾತ್ರ.

ಅದೇ ಕೋಟೆಯನ್ನು ಇನ್ನೊಂದು ವರ್ಗ ಬೇರೆಯೇ ಕಣ್ಣಿನಿಂದ ನೋಡುತ್ತದೆ. ಅವರ ಪಾಲಿಗೆ ಅದು ಹೊರಗಿನವರ ದಬ್ಬಾಳಿಕೆಯ ಗುರುತು. ಮೇಲ್ನೋಟಕ್ಕೆ ಈ ಎರಡು ದೃಷ್ಟಿಗಳು ಪರಸ್ಪರ ವಿರುದ್ಧವೆನಿಸಿದರೂ ಒಳಗೆ ಎರಡೂ ಒಂದೇ. ಚರಿತ್ರೆಯೆಂದರೆ ಸುಲ್ತಾನರ ಚರಿತ್ರೆ, ಆ ಸುಲ್ತಾನರಿಗೆ ಇಂದಿನ ಮುಸ್ಲಿಮರೇ ವಾರಸುದಾರರು ಎಂದು ಎರಡೂ ನಂಬುತ್ತವೆ. ಗ್ಯಾರೇಜಿನಲ್ಲಿ ದುಡಿಯುವ, ತಳ್ಳುಗಾಡಿಯಲ್ಲಿ ಹಣ್ಣು ಮಾರುವ ಇಂದಿನ ಮುಸ್ಲಿಮನಿಗೆ ಆ ಸಿಂಹಾಸನದಲ್ಲಿ ಪಾಲಿರಲಿಲ್ಲ. ಆ ದೊರೆಗಳ ತಪ್ಪುಗಳಿಗೂ ಅವನು ಉತ್ತರದಾಯಿಯಲ್ಲ. ಹಾಗಾದರೆ ಬೀದರ್‌ನಲ್ಲಿ ನಾವು ನೋಡಬೇಕಾದುದೇನು?

ಬಹಮನಿ ಸುಲ್ತಾನ ಅಹ್ಮದ್ ಶಾ 1420ರ ದಶಕದಲ್ಲಿ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಸ್ಥಳಾಂತರಿಸಿದನು. ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ ಕೋಟೆ ಎದ್ದಿತು. ಬಂಡೆಯನ್ನೇ ಕಡಿದು ಮೂರು ಸಾಲಿನ ಕಂದಕವನ್ನು ತೋಡಲಾಯಿತು. ಬುರುಜುಗಳ ಮೇಲೆ ತೋಪುಗಳು ಬಂದವು. ಇಂತಹ ಕೋಟೆಯೊಳಗಿದ್ದ ರಾಜ್ಯವನ್ನು ಛಿದ್ರಗೊಳಿಸಲು ಹೊರಗಿನ ಸೈನ್ಯವೇ ಬೇಕಾಗಲಿಲ್ಲ. ಒಂದು ಸುಳ್ಳು ಪತ್ರ ಸಾಕಾಯಿತು.

ಆ ಪತ್ರಕ್ಕೆ ಬಲಿಯಾದವರು ಮಹ್ಮೂದ್ ಗವಾನ್. ಇರಾನಿನ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಿಯಾಗಿ ಬಂದು, ತಮ್ಮ ವಿದ್ವತ್ತು ಮತ್ತು ಪ್ರಾಮಾಣಿಕತೆಯಿಂದ ಪ್ರಧಾನಮಂತ್ರಿಯ ಪದವಿಗೇರಿದವರು. ಆಗ ದರ್ಬಾರಿನಲ್ಲಿ ಎರಡು ಬಣಗಳಿದ್ದವು. ಇಲ್ಲೇ ಬೇರೂರಿದ ದಖ್ಖನಿಗಳು ಒಂದು, ಹೊರನಾಡುಗಳಿಂದ ಬಂದ ಅಫಾಕಿಗಳು ಇನ್ನೊಂದು. ಎರಡೂ ಬಣದವರು ಕಲಿಮಾ ಹೇಳುವವರೇ, ಒಂದೇ ಮಸೀದಿಯಲ್ಲಿ ಸಾಲು ನಿಲ್ಲುವವರೇ. ಆದರೂ ಒಬ್ಬರನ್ನೊಬ್ಬರು ಸಹಿಸುತ್ತಿರಲಿಲ್ಲ. ಗವಾನ್‌ರ ಮುದ್ರೆಯನ್ನು ವಂಚನೆಯಿಂದ ಒತ್ತಿಸಿಕೊಂಡು, ಅವರು ಒರಿಸ್ಸಾದ ದೊರೆಯನ್ನು ದಂಡೆತ್ತಿ ಬರಲು ಆಹ್ವಾನಿಸಿದಂತೆ ಪತ್ರವನ್ನು ಸೃಷ್ಟಿಸಲಾಯಿತು. ಸುಲ್ತಾನ ಮೂರನೇ ಮುಹಮ್ಮದ್ ಶಾ ವಿಚಾರಣೆ ನಡೆಸಲಿಲ್ಲ. 1481ರ ಏಪ್ರಿಲ್‌ನಲ್ಲಿ ಆ ವಯೋವೃದ್ಧರ ಶಿರಚ್ಛೇದವಾಯಿತು. ಸತ್ಯ ತಿಳಿದು ಪರಿತಪಿಸಿದ ಸುಲ್ತಾನನೂ ಮರುವರ್ಷವೇ ತೀರಿಕೊಂಡನು. 1490ರ ಸುಮಾರಿಗೆ ಬಿಜಾಪುರ, ಅಹ್ಮದ್‌ನಗರ, ಬೇರಾರ್‌ಗಳು ಸ್ವತಂತ್ರವಾಗತೊಡಗಿದವು. ಕಂದಕ ಹಾಗೆಯೇ ಇತ್ತು, ತೋಪುಗಳೂ ಇದ್ದವು, ರಾಜ್ಯ ಮಾತ್ರ ಉಳಿಯಲಿಲ್ಲ. ವಿಚಾರಿಸದೆ ಸುದ್ದಿಯನ್ನು ನಂಬುವ, ನಮ್ಮ ಬಣದವನಲ್ಲ ಎಂಬ ಒಂದೇ ಕಾರಣಕ್ಕೆ ಯೋಗ್ಯನನ್ನು ತುಳಿಯುವ ಚಾಳಿ 15ನೇ ಶತಮಾನದೊಂದಿಗೆ ಮುಗಿಯಿತೇ? ನಮ್ಮ ಊರುಗಳ ಜಮಾಅತ್ ಸಭೆಗಳಲ್ಲಿ ಕುಳಿತವರೇ ಇದಕ್ಕೆ ಉತ್ತರ ಹೇಳಬೇಕು.

ಗವಾನ್‌ರು ಬಿಟ್ಟುಹೋದುದು ಕೋಟೆಯನ್ನಲ್ಲ. ಪಟ್ಟಣದ ನಡುವೆ 1472ರಲ್ಲಿ ಅವರು ಕಟ್ಟಿಸಿದ ಮದ್ರಸ ಇಂದಿಗೂ ಅರೆಭಗ್ನ ಸ್ಥಿತಿಯಲ್ಲಿ ನಿಂತಿದೆ. ಮೂರು ಅಂತಸ್ತು, ಉಪನ್ಯಾಸದ ಸಭಾಂಗಣಗಳು, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳಿಗೂ ಗುರುಗಳಿಗೂ ಕೊಠಡಿಗಳು, ಮುಂಭಾಗದಲ್ಲಿ ನೀಲಿ-ಹಸಿರು ಹೆಂಚಿನ ಅಲಂಕಾರ. ಗ್ರಂಥಾಲಯಕ್ಕೆ ಅವರು ಮೂರು ಸಾವಿರ ಹಸ್ತಪ್ರತಿಗಳನ್ನು ಕೊಟ್ಟಿದ್ದರೆಂದು ಪ್ರತೀತಿಯಿದೆ. ಈ ವಿದ್ಯಾಲಯಕ್ಕೆ ಒದಗಿದ ಗತಿ ಇನ್ನೂ ಮಾರ್ಮಿಕ. 1657ರಲ್ಲಿ ಔರಂಗಜೇಬನು ಬೀದರನ್ನು ಗೆದ್ದ ನಂತರ ಈ ಕಟ್ಟಡವು ಸೈನ್ಯದ ಬಳಕೆಗೆ ಹೋಯಿತು. ಪಾಠ ನಡೆಯುತ್ತಿದ್ದ ಕೊಠಡಿಗಳಲ್ಲಿ ಸಿಡಿಮದ್ದನ್ನು ತುಂಬಲಾಯಿತು. ಆ ಶತಮಾನದ ಕೊನೆಯಲ್ಲಿ ಅದು ಸಿಡಿದು ಕಟ್ಟಡದ ಒಂದು ಪಾರ್ಶ್ವವೂ ಒಂದು ಮಿನಾರೂ ಕುಸಿದವು. ಮದ್ರಸವನ್ನು ಕಟ್ಟಿಸಿದವರೂ ಮುಸ್ಲಿಮರು, ಅದನ್ನು ಮದ್ದಿನಮನೆ ಮಾಡಿದವರೂ ಮುಸ್ಲಿಮರು. ‘ನಮ್ಮವರು’ ಎಂದು ಹೆಮ್ಮೆಪಡುವಾಗ ಈ ಇಬ್ಬರಲ್ಲಿ ಯಾರನ್ನು ಕುರಿತು ಹೇಳುತ್ತಿದ್ದೇವೆಂದು ಸ್ಪಷ್ಟವಿರಬೇಕಲ್ಲವೇ?

ಗವಾನ್‌ರ ಕಾಲದಲ್ಲೇ ಬೀದರ್‌ಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್, ಇಲ್ಲಿನ ಅಮೀರರ ಅಪಾರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಜೊತೆಜೊತೆಯಾಗಿಯೇ ಬರೆದಿಟ್ಟಿದ್ದಾನೆ. ದರ್ಬಾರಿನ ವೈಭವವನ್ನು ಹೊಗಳುವವರು ಈ ಸಾಕ್ಷ್ಯವನ್ನು ಮರೆಯಬಾರದು. ಅದೇ ವೇಳೆ, ಆ ಕಾಲದ ಎಲ್ಲವೂ ವಿಲಾಸಕ್ಕಾಗಿ ನಡೆಯಿತೆನ್ನುವವರು ಪಟ್ಟಣದಾಚೆಯ ನೌಬಾದ್‌ಗೆ ಹೋಗಿ ಬರಬೇಕು. ಅಲ್ಲಿ ಬಂಡೆಯೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂತಹ ಕಿಂಡಿಗಳನ್ನು ಬಿಟ್ಟು, ಅಂತರ್ಜಲವನ್ನು ಹರಿಸಿ ತಂದ ಕರೇಜ್ ವ್ಯವಸ್ಥೆಯಿದೆ. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಯಂತ್ರವಿಲ್ಲದೆ, ಭೂಮಿಯ ಇಳಿಜಾರನ್ನೇ ನಂಬಿ ನೀರು ನಡೆಯುತ್ತಿತ್ತು. ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾಯುವ ಊರುಗಳಿಗೆ ಇದು ಸಣ್ಣ ಪಾಠವೇನಲ್ಲ.

ಇನ್ನೊಂದು ಆಸ್ತಿ ಕೋಟೆಯ ಮಣ್ಣಿನಲ್ಲೇ ಇದೆ. ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಯಲ್ಲಿ ಬೆಳ್ಳಿಯನ್ನು ಕೂರಿಸಿ, ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಬೆರೆಸಿ ಕಾಯಿಸಿದಾಗ ಲೋಹ ಕಪ್ಪಾಗಿ ಬೆಳ್ಳಿ ಹೊಳೆಯುತ್ತದೆ. ಅದೇ ಬಿದರಿ ಕಲೆ. ಈ ಕಲೆಯ ಹಿರಿಯ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಸುಲ್ತಾನರ ಕಿರೀಟ ಹೋಯಿತು, ಕೈಕಸುಬು ಉಳಿಯಿತು. ಆದರೆ ಕುಶಲಕರ್ಮಿಯ ಮಗನಿಗೆ ಅದು ಹೊಟ್ಟೆ ತುಂಬಿಸದಿದ್ದರೆ ಅದೂ ಉಳಿಯದು.

ಪಟ್ಟಣದ ಹೊರಗಿನ ಅಷ್ಟೂರಿನಲ್ಲಿ ಅಹ್ಮದ್ ಶಾನ ಸಮಾಧಿಯಿದೆ. ಅಲ್ಲಿಗೆ ಪ್ರತಿವರ್ಷ ಕಲಬುರಗಿ ಕಡೆಯಿಂದ ಲಿಂಗಾಯತ ಜಂಗಮರೊಬ್ಬರು ಮೆರವಣಿಗೆಯಲ್ಲಿ ಬರುತ್ತಾರೆ. ಅಲ್ಲಿ ಸೇರುವವರಲ್ಲಿ ಹಲವರು ಆ ಸುಲ್ತಾನನನ್ನು ಅಲ್ಲಮಪ್ರಭುವಿನೊಂದಿಗೆ ಗುರುತಿಸುತ್ತಾರೆ. ಉರೂಸ್‌ನ ಆಚರಣೆಗಳ ಕುರಿತು ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ. ಅದು ಬೇರೆ ಚರ್ಚೆ. ಆದರೆ ಒಂದು ನಾಡಿನ ಜನ ತಮ್ಮ ನೆನಪನ್ನು ಕೂಡಿಕೊಂಡೇ ಕಾಪಾಡಿದರೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದ್ಗೀರ್ ಒಂದು ಕಡೆಗೆ, ಜಹೀರಾಬಾದ್ ಇನ್ನೊಂದು ಕಡೆಗೆ ಹೋದವು. ಗೆರೆಗಳು ಬದಲಾದವು. ಕನ್ನಡ, ಉರ್ದು, ಮರಾಠಿ, ತೆಲುಗುಗಳು ಸಂತೆಯಲ್ಲಿ ಬೆರೆಯುವುದು ನಿಲ್ಲಲಿಲ್ಲ.

ಆದ್ದರಿಂದ ಬೀದರ್‌ಗೆ ಹೋಗುವ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ. ಕೋಟೆಗಿಂತ ಮೊದಲು ಮಕ್ಕಳನ್ನು ಮದ್ರಸಕ್ಕೆ ಕರೆದೊಯ್ಯಿರಿ. ಅದು ಏಕೆ ಒಂದು ಕಡೆ ಮುರಿದಿದೆಯೆಂದು ಅವರೇ ಕೇಳಲಿ, ಉಳಿದುದನ್ನು ಮರೆಮಾಚದೆ ಹೇಳಿರಿ. ಗೋಡೆಯ ಮೇಲೆ ಮೊಳೆಯಿಂದ ಹೆಸರು ಕೆತ್ತುವ ಹುಡುಗನ ಕೈ ಹಿಡಿಯಿರಿ. ಬಿದರಿ ಕೆಲಸದ ಅಂಗಡಿಯಲ್ಲಿ ಸಾಧ್ಯವಾದರೆ ಒಂದು ಸಣ್ಣ ವಸ್ತುವನ್ನಾದರೂ ಕೊಳ್ಳಿರಿ. ನಿಮ್ಮ ಮಗಳಿಗೆ ಚರಿತ್ರೆಯಲ್ಲಿ ಆಸಕ್ತಿಯಿದ್ದರೆ, ಅದರಿಂದ ಕೆಲಸ ಸಿಗದೆಂದು ಹೇಳಿ ತಡೆಯಬೇಡಿರಿ. ಬೀದರ್‌ನ ಸ್ಮಾರಕಗಳ ಕುರಿತು ಇಂದಿಗೂ ವಿದ್ವಾಂಸರು ಮೊದಲು ತೆರೆಯುವ ಗ್ರಂಥವನ್ನು 1947ರಲ್ಲಿ ಹೊರತಂದವರು ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯನ್ನು ಕಟ್ಟಿದ ಗುಲಾಮ್ ಯಜ್ದಾನಿ. ಫಾರಸಿ ಶಾಸನವನ್ನೂ ಕನ್ನಡ ಶಾಸನವನ್ನೂ ಓದಬಲ್ಲ ಯುವಕ ಯುವತಿಯರು ನಮ್ಮ ಮನೆಗಳಿಂದ ಬರದಿದ್ದರೆ, ನಮ್ಮ ಚರಿತ್ರೆಯನ್ನು ಇತರರು ತಮಗೆ ಬೇಕಾದಂತೆ ಓದಿ ಹೇಳುತ್ತಾರೆ. ಆಗ ದೂರುವ ಹಕ್ಕು ನಮಗಿರುವುದಿಲ್ಲ.