ಜೀಪಿನ ಹಬ್ ಕಾದರೆ ಮೊದಲು ಕಾರಣ ಹುಡುಕಿ



ಸಂಘದ ಅಂಗಳದಲ್ಲಿ ಕಾಫಿ-ಅಡಿಕೆ ಧಾರಣೆಯ ಮಾತು ಬಿಟ್ಟರೆ ಹೆಚ್ಚಾಗಿ ಕೇಳಿಬರುವುದು ಜೀಪಿನ ಮಾತು. "ಹಿಂದಿನ ಹಬ್ ಕಾಯ್ತದೆ ಮಾರಾಯ್ರೆ, ಬೇರಿಂಗ್ ಹಾಕಿಸಿದೆ, ಮತ್ತೂ ಕಾಯ್ತದೆ" ಎಂಬ ದೂರು ಹೊಸದಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾದ ಹಬ್ಬಿಗೆ ಮೊದಲ ಮದ್ದು ಬೇರಿಂಗ್ ಅಲ್ಲ. ಬಿ.ಎಸ್ಸಿ. ಓದಿದ ನಾನು ಈ ಪಾಠ ಕಲಿತದ್ದು ದುಡ್ಡು ಕಳೆದುಕೊಂಡ ಮೇಲೆ. ಅದೂ ನಮ್ಮ ಘಟ್ಟದಲ್ಲಲ್ಲ, ಬಾದಾಮಿಯ ಬಯಲಿನಲ್ಲಿ.

ನಮ್ಮ ತೋಟದ ಲೈನಿನಲ್ಲಿ ಬಾದಾಮಿ ಕಡೆಯ ಎರಡು ಸಂಸಾರಗಳಿವೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಮುಟ್ಟಬೇಕೆಂಬುದು ಅವರ ಹಂಬಲ. ಅರೇಬಿಕಾ ಕೊಯ್ಲು ಮುಗಿದಿತ್ತು. ನನಗೂ ದೇವಿಯ ದರ್ಶನವಾದೀತೆಂದು ಎಲ್ಲರೂ ಜೀಪಿನಲ್ಲೇ ಹೊರಟೆವು. ಅದಕ್ಕೆ ಮುಂಚೆ ಒಂದೇ ವರ್ಷದಲ್ಲಿ ಎರಡು ಸಲ ಹಿಂದಿನ ಬೇರಿಂಗುಗಳನ್ನು ಬದಲಾಯಿಸಿದ್ದೆ. ಆಮೇಲೂ ಘಟ್ಟ ಇಳಿದಾಗ ಹಬ್ ಕಾದರೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿದದ್ದರಿಂದ ಕಾದಿದೆ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಹುಬ್ಬಳ್ಳಿ ದಾಟಿ ನವಲಗುಂದ, ನರಗುಂದದ ಎರೆನೆಲಕ್ಕೆ ಬಂದರೆ ರಸ್ತೆ ಹಲಗೆಯಂತೆ ಸಮ. ಬ್ರೇಕ್ ಮುಟ್ಟುವ ಪ್ರಸಂಗವೇ ಅಪರೂಪ. ಆದರೂ ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ಇಳಿದಾಗ ಹಿಂದಿನ ಎರಡೂ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು, ಮುಂದಿನವು ತಣ್ಣಗಿದ್ದವು. ಘಟ್ಟ ಮುಚ್ಚಿಟ್ಟಿದ್ದ ರೋಗವನ್ನು ಬಯಲು ಬಿಚ್ಚಿ ತೋರಿಸಿತ್ತು. ಜೀಪಿನಲ್ಲಿ ಮಕ್ಕಳು ಸೇರಿ ಎಂಟು ಜನ. ಆರಲು ಬಿಟ್ಟು, ಮತ್ತೆ ನಡೆಸಿ, ಹೇಗೋ ಬಾದಾಮಿ ಸೇರಿದೆವು.

ಅಲ್ಲಿ ರಸ್ತೆ ಬದಿಯ ಹಿರಿಯ ಮೇಸ್ತ್ರಿಯೊಬ್ಬರು ಹಿಂದಿನ ಚಕ್ರ ಎತ್ತಿ ತಿರುಗಿಸಿ ನೋಡಿದರು. ತಿರುಗಲೊಲ್ಲದು. "ಬೇರಿಂಗ್‌ದು ತಪ್ಪಲ್ಲರೀ ಸಾಹೇಬ್ರ. ಗಾಲಿ ಹಿಡಕೊಂಡೈತಿ. ಯಾಕ ಹಿಡದೈತಿ ಅಂತ ಮದ್ಲ ನೋಡೂಣು" ಎಂದು ಬ್ಲೀಡರ್ ನಿಪ್ಪಲ್ ಸಡಿಲಿಸಿದರು. ಬ್ರೇಕ್ ಆಯಿಲ್ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು. ಛಾಸಿಯಿಂದ ಹಿಂದಿನ ಆಕ್ಸಲಿಗೆ ಬರುವ ಒಂದೇ ರಬ್ಬರ್ ಹೋಸು ಒಳಗೆ ಊದಿಕೊಂಡಿತ್ತು. ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತಿತ್ತು, ಬಿಟ್ಟಾಗ ಹಿಂತಿರುಗುತ್ತಿರಲಿಲ್ಲ. ಎರಡೂ ಚಕ್ರಕ್ಕೆ ಅದೇ ದಾರಿಯಾದ್ದರಿಂದ ಎರಡೂ ಕಾದಿದ್ದವು. ಆ ಕಾವಿಗೆ ಗ್ರೀಸ್ ಕರಗಿ ಬೇರಿಂಗ್ ಬೆಂದಿತ್ತು. ಬೇರಿಂಗ್ ಅಪರಾಧಿಯಲ್ಲ, ಪೆಟ್ಟು ತಿಂದದ್ದು. ಕಾಂಡಕೊರಕ ಹೊಕ್ಕ ಗಿಡದ ಹಳದಿ ಎಲೆಗೆ ಔಷಧಿ ಹೊಡೆದ ಹಾಗಾಗಿತ್ತು ನನ್ನ ರಿಪೇರಿ.

ಸದಸ್ಯರು ತಾವೇ ನೋಡಿಕೊಳ್ಳಬಹುದಾದ ಕ್ರಮ ಇಷ್ಟು. ಸಮ ರಸ್ತೆಯಲ್ಲಿ ಬ್ರೇಕ್ ಆದಷ್ಟು ಹಿಡಿಯದೆ ಏಳೆಂಟು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಮುಟ್ಟಬೇಡಿ, ಅಂಗೈ ಹತ್ತಿರ ಹಿಡಿದು ನಾಲ್ಕೂ ಚಕ್ರಗಳ ಕಾವನ್ನು ಹೋಲಿಸಿ. ಹಿಂದಿನ ಎರಡೂ ಕಾದಿದ್ದರೆ ಕಾರಣ ಎರಡಕ್ಕೂ ಸಮಾನವಾದ ಕಡೆ ಇರಬಹುದು: ಹೋಸು, ಮಾಸ್ಟರ್ ಸಿಲಿಂಡರ್, ಇಲ್ಲವೇ ಹ್ಯಾಂಡ್ ಬ್ರೇಕ್. ಅನೇಕ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಕ್ಕಲ್ಲ, ಗೇರ್ ಪೆಟ್ಟಿಗೆಯ ಹಿಂದಿನ ಶಾಫ್ಟಿಗೆ ಇರುತ್ತದೆಂಬುದು ನೆನಪಿರಲಿ. ಒಂದೇ ಚಕ್ರ ಕಾದಿದ್ದರೆ ಆ ಬದಿಯ ವೀಲ್ ಸಿಲಿಂಡರ್, ಬ್ರೇಕ್ ಶೂ ಅಥವಾ ಬೇರಿಂಗ್ ನೋಡಿ.

ಆಮೇಲೆ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ ಮರದ ಗಟ್ಟಿ ಆಧಾರದ ಮೇಲೆ ಕೂರಿಸಿ, ಗೇರ್ ತೆಗೆದು, ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರ ತಿರುಗಿಸಿ. ಬಿಗಿಯಿದ್ದು, ನಿಪ್ಪಲ್ ಸಡಿಲಿಸಿದ ಕೂಡಲೆ ಬಿಟ್ಟರೆ ಆಯಿಲಿನ ಒತ್ತಡ ಸಿಕ್ಕಿಬಿದ್ದಿದೆ ಎಂದರ್ಥ. ಬಿಡದಿದ್ದರೆ ಶೂ, ಕೇಬಲ್ ಅಥವಾ ತುಕ್ಕು ಹಿಡಿದ ಪಿಸ್ಟನ್ ಕಾರಣ. ಚಕ್ರ ಸಲೀಸಾಗಿ ತಿರುಗಿಯೂ ಗೊರಗೊರ ಸದ್ದು ಅಥವಾ ಅಲುಗಾಟ ಇದ್ದರೆ ಮಾತ್ರ ಬೇರಿಂಗಿನ ಸರದಿ. ನಿಪ್ಪಲ್ ಬಿಚ್ಚಿದ ಮೇಲೆ ಗಾಳಿ ತೆಗೆಯದೆ ಗಾಡಿ ಕದಲಿಸಬೇಡಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ. ಎರಕದ ಕಬ್ಬಿಣ ಬಿರುಕು ಬಿಟ್ಟೀತು.

ಇದು ಬರೀ ಖರ್ಚಿನ ಮಾತಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಸಾಮಾನ್ಯ ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಮಳೆಯ ಸೀಮೆಯಲ್ಲಿ, ಘಟ್ಟದ ಇಳಿಜಾರಿನಲ್ಲಿ, ಆಳುಗಳನ್ನು ತುಂಬಿಕೊಂಡು ಬರುವಾಗ ಅದು ಕುದಿದರೆ ಪೆಡಲ್ ನೆಲ ಕಚ್ಚುತ್ತದೆ, ಬ್ರೇಕ್ ಇರುವುದಿಲ್ಲ. ನಮ್ಮ ಅನೇಕ ಜೀಪುಗಳಲ್ಲಿ ಭಾರ ಹೊರುವುದೂ ಚಕ್ರ ತಿರುಗಿಸುವುದೂ ಒಂದೇ ಆಕ್ಸಲ್ ಶಾಫ್ಟ್. ಅಲ್ಲಿ ಬೇರಿಂಗ್ ಪುಡಿಯಾದರೆ ಚಕ್ರವೇ ಕಳಚಬಹುದು.

ಬೇರಿಂಗ್ ಹಾಕಿದವರನ್ನಷ್ಟೇ ದೂರಿ ಫಲವಿಲ್ಲ. "ಬೇರಿಂಗ್ ಹಾಕಿ" ಎಂದು ಅಪ್ಪಣೆ ಕೊಟ್ಟವನು ನಾನೇ. ಇನ್ನು ಮುಂದೆ "ಯಾಕೆ ಕಾಯ್ತದೆ ನೋಡಿ" ಎಂದು ಹೇಳೋಣ, ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆಯೋಣ. ಪ್ರತಿ ಮಳೆಗಾಲ ಮುಗಿದೊಡನೆ ಸಂಘದ ಅಂಗಳದಲ್ಲಿ ಒಂದು ದಿನ ಸದಸ್ಯರ ಜೀಪುಗಳ ಬ್ರೇಕ್ ತಪಾಸಣೆ ನಡೆಯಬೇಕೆಂಬ ಸಲಹೆಯನ್ನು ಮುಂದಿನ ಸಭೆಯಲ್ಲಿ ಇಡುತ್ತೇನೆ. ಬೋರ್ಡೋ ಸಿಂಪಡಣೆಗೆ ಮಳೆ ಹಿಡಿಯುವ ಮೊದಲೇ ಸಿದ್ಧರಾಗುವ ನಮಗೆ, ಕೊಯ್ಲಿನ ಆಳುಗಳನ್ನು ಹತ್ತಿಸಿಕೊಳ್ಳುವ ಮೊದಲು ಚಕ್ರ ಎತ್ತಿ ನೋಡುವುದು ದೊಡ್ಡ ಕೆಲಸವೇನಲ್ಲ. ಸದಸ್ಯರು ಸಭೆಗೆ ಬಂದು ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ