ಬಾಡೂಟದ ಮನೆಯವರ ಹೊಣೆ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುತ್ತದೆ. ಸಾಲ ಮಾಡಿಯಾದರೂ ನೆಂಟರಿಷ್ಟರಿಗೆ ಬಾಡೂಟ ಹಾಕುವುದು ಅಕ್ಕಿ ಗಿರಣಿಯ ಹಮಾಲಿಗೂ ಸಣ್ಣ ಅಂಗಡಿಯವನಿಗೂ ಮರ್ಯಾದೆಯ ಪ್ರಶ್ನೆ. ಹತ್ತಿ ಗಿರಣಿಗಳ ಕಾಲ ಮುಗಿದರೂ ಈ ಮರ್ಯಾದೆಯ ಲೆಕ್ಕ ಮುಗಿದಿಲ್ಲ. ಬಸವಾಪಟ್ಟಣ, ಸಂತೇಬೆನ್ನೂರು, ಚನ್ನಗಿರಿ ಕಡೆಯ ಬೀಗರು ಬೈಕಿನಲ್ಲಿ ಬರುತ್ತಾರೆ. ಊಟದ ಜೊತೆಗೆ ಬಾಟಲಿಯೂ ಬರುತ್ತದೆ. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಕತ್ತಲಾದ ಮೇಲೆ ಅದೇ ಬೀಗರು, ಹಿಂದೆ ಹೆಂಡತಿ, ಟ್ಯಾಂಕಿನ ಮೇಲೆ ಮಗು, ಬಸವಾಪಟ್ಟಣದ ದಾರಿ ಹಿಡಿಯುತ್ತಾರೆ. ದಾರಿಯಲ್ಲಿ ಹಿಂದೀಪವಿಲ್ಲದ ಟ್ರಾಕ್ಟರು, ನಾಲೆಯ ತಿರುವು. ಕೈಮುಗಿದು ಬೀಳ್ಕೊಟ್ಟ ಯಜಮಾನನು ತನ್ನ ಕೆಲಸ ಮುಗಿಯಿತೆಂದುಕೊಳ್ಳುತ್ತಾನೆ.

ಮುಗಿದಿಲ್ಲವೆಂದೇ ನಮ್ಮ ವಾದ.

ಕುಡಿದವನಿಗೆ ತಾನು ಸರಿಯಾಗಿಯೇ ಇದ್ದೇನೆಂದು ತೋರುತ್ತದೆ. ಅಮಲು ಮೊದಲು ಕೆಡಿಸುವುದು ವಿವೇಚನೆಯನ್ನು. ಕಾಲು ತಡವರಿಸುವುದು ಆಮೇಲೆ. ಆದುದರಿಂದ ಗಾಡಿ ಓಡಿಸಬಲ್ಲೆಯಾ ಎಂದು ಅವನನ್ನೇ ಕೇಳಿ ಫಲವಿಲ್ಲ. ತೀರ್ಮಾನ ಮನೆಯವರದಾಗಬೇಕು. ನಿಂಬೆಹುಳಿ, ಮಜ್ಜಿಗೆ, ಕಾಫಿ, ತಲೆಯ ಮೇಲೆ ತಣ್ಣೀರು ಇವಾವುವೂ ರಕ್ತದಲ್ಲಿರುವ ಮದ್ಯವನ್ನು ಇಳಿಸಲಾರವು. ಅದು ಇಳಿಯಲು ಗಂಟೆಗಟ್ಟಲೆ ಕಾಲವೇ ಬೇಕು.

1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಂತೆ, 100 ಮಿಲಿಲೀಟರ್ ರಕ್ತದಲ್ಲಿ ಮದ್ಯ 30 ಮಿಲಿಗ್ರಾಂ ಮೀರಿದರೆ ವಾಹನ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಸಜೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಅದು ಎಷ್ಟು ದಿನದ ಕೂಲಿಯೆಂದು ದುಡಿಯುವವರೇ ಲೆಕ್ಕ ಹಾಕಲಿ. 188ನೆಯ ಕಲಮನ್ನು ಬಹಳ ಮಂದಿ ಬಲ್ಲವರಲ್ಲ: ಈ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ. ಬೀಗನಿಗೆ ಕುಡಿಸಿ, ಕೀಲಿಯನ್ನು ಕೈಗಿತ್ತು ಹೊರಡಿಸಿದವನನ್ನು ಕೋರ್ಟು ಏನೆನ್ನುವುದೋ ಆ ಮಾತು ಹಾಗಿರಲಿ, ಬೀಗಿತ್ತಿಯ ಮುಂದೆ ಅವನು ಏನು ಹೇಳಿಯಾನು?

ಮೊದಲ ಲೋಟ ತುಂಬುವ ಮುಂಚೆಯೇ ಬಂದವರ ಕೀಲಿಗಳನ್ನೆಲ್ಲ ಮನೆಯ ಅಜ್ಜಿಯ ವಶಕ್ಕೆ ಕೊಡಿಸಿರಿ. ಅಜ್ಜಿಯ ಕೈಯಿಂದ ಕೀಲಿ ಕಸಿಯುವ ಅಳಿಯ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಊಟವನ್ನು ತಡಮಾಡದೆ ಬಡಿಸಿರಿ. ಬರಿಹೊಟ್ಟೆಗೆ ಅಮಲು ಬೇಗ ಏರುತ್ತದೆ. "ಇನ್ನೊಂದು ಹಾಕ್ಕೊಳ್ಳಿ ಮಾವ, ನನ್ನಾಣೆ" ಎಂಬ ಬಲವಂತ ಉಪಚಾರವಲ್ಲ. ಚಾಪೆ, ಹೊದಿಕೆಗಳನ್ನು ಸಂಜೆಯೇ ಇಳಿಸಿಟ್ಟರೆ ಉಳಿಯುವ ಮಾತಿಗೆ ಬೆಲೆ ಬರುತ್ತದೆ. ಹೋಗಲೇಬೇಕಾದವರನ್ನು ಕುಡಿಯದ, ಲೈಸೆನ್ಸು ಇರುವ ಹುಡುಗನೊಬ್ಬ ಬಿಟ್ಟುಬರಲಿ, ಇಲ್ಲವೆ ಆಟೋ ಕರೆಸಿರಿ. ಬಾಟಲಿಗೆ ಹಣ ಹೊಂದಿಸಿದವನಿಗೆ ಆಟೋ ಬಾಡಿಗೆ ಭಾರವಾಗದು.

ಇನ್ನು ಸರ್ಕಾರದ ಮಾತು. 2007ರಲ್ಲಿ ಸಾರಾಯಿ ನಿಲ್ಲಿಸಿದ ಈ ರಾಜ್ಯ 2023-24ರಲ್ಲಿ ಅಬಕಾರಿಯಿಂದ 30,000 ಕೋಟಿ ರೂಪಾಯಿಗೂ ಮಿಕ್ಕಿ ಎತ್ತಿದೆ. ಅದರಲ್ಲಿ ಹಮಾಲಿಯ ಕಾಸೂ ಸೇರಿದೆ. ಜಾತ್ರೆಯ ರಾತ್ರಿಗಳಲ್ಲಿ ಬಸವಾಪಟ್ಟಣ, ಚನ್ನಗಿರಿ, ಹೊನ್ನಾಳಿಗಳಿಗೆ ಹೊತ್ತು ಮೀರಿಯೂ ಬಸ್ಸು ಬಿಡಬೇಕೆಂದು ಜಿಲ್ಲಾಧಿಕಾರಿಗಳನ್ನೂ ಸಾರಿಗೆ ಸಂಸ್ಥೆಯನ್ನೂ ಒತ್ತಾಯಿಸುತ್ತೇವೆ.